ಶಿಂಜುಕುವಿನಲ್ಲಿ ರೈಲು ಬದಲಿಸುವುದು ಹೇಗೆ?

ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ಹೊರದಾರಿಗಳಿವೆ ಎಂದು ಪ್ರವಾಸಿ ಕೈಪಿಡಿಗಳು ಹೆದರಿಸುತ್ತವೆ. ಜಗತ್ತಿನ ಅತಿ ಹೆಚ್ಚು ಜನದಟ್ಟಣೆಯ ನಿಲ್ದಾಣವೆಂದು ಗಿನ್ನೆಸ್ ದಾಖಲೆಯೂ ಇದರ ಹೆಸರಲ್ಲಿದೆ. ಆದರೆ ರೈಲು ಬದಲಿಸುವವರಿಗೆ ಆ 200ರ ಲೆಕ್ಕದಿಂದ ಏನೂ ಆಗಬೇಕಿಲ್ಲ. ಅವುಗಳಲ್ಲಿ ಬಹುಪಾಲು ನೆಲದಡಿಯ ಓಣಿಗಳಿಂದ ರಸ್ತೆಗೆ ಹತ್ತುವ ಮೆಟ್ಟಿಲುಗಳು. ಜನ ದಾರಿ ತಪ್ಪುವುದು ಅಲ್ಲಿಗೆ ಹೋಗುವ ಮೊದಲೇ, ಟಿಕೆಟ್ ಗೇಟಿನಲ್ಲಿ. ಯಾವ ಗೇಟಿನಿಂದ ಹೊರಬೀಳಬೇಕು ಎಂಬುದೊಂದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿಯಿತು.

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಹೋಗುವವರು ಗೇಟು ದಾಟುವುದೇ ಇಲ್ಲ. ಎರಡೂ ಒಂದೇ ಸಂಸ್ಥೆಯವು. ಶಿಂಜುಕುವಿನಲ್ಲಿ ಐದು ಸಂಸ್ಥೆಗಳಿವೆ: ಜೆಆರ್ ಈಸ್ಟ್, ಒಡಾಕ್ಯೂ, ಕೇಯೊ, ಟೋಕಿಯೊ ಮೆಟ್ರೊ ಮತ್ತು ತೋಯೇ ಸುರಂಗ ರೈಲು. 1885ರಲ್ಲಿ ಊರಾಚೆಯ ಸಣ್ಣ ನಿಲ್ದಾಣವಾಗಿ ಶುರುವಾದ ಜಾಗಕ್ಕೆ 1915ರಲ್ಲಿ ಕೇಯೊ, 1927ರಲ್ಲಿ ಒಡಾಕ್ಯೂ, 1959ರಲ್ಲಿ ಮಾರುನೋಉಚಿ ಸುರಂಗ ಮಾರ್ಗ, 1997ರಲ್ಲಿ ಓಯೆಡೊ ಮಾರ್ಗ ಬಂದವು. ಬಂದವರೆಲ್ಲ ಸಿಕ್ಕ ಜಾಗದಲ್ಲಿ ತಮ್ಮ ಪ್ಲಾಟ್‌ಫಾರಂ ಕಟ್ಟಿಕೊಂಡು, ಸುತ್ತ ತಮ್ಮದೇ ಗೇಟು ಹಾಕಿಕೊಂಡರು. ಹಾಗಾಗಿ ಅಲ್ಲಿನ ಗೋಡೆಗಳೆಲ್ಲ ಮೂಲತಃ ಟಿಕೆಟ್ ಹಣದ ಲೆಕ್ಕದ ಗಡಿಗಳು. ಹತ್ತು ಮೀಟರ್ ಆಚೆ ಕಣ್ಣಿಗೆ ಕಾಣುವ ಪ್ಲಾಟ್‌ಫಾರಂಗೆ ಐದು ನಿಮಿಷ ಸುತ್ತಿ ಹೋಗಬೇಕಾಗುವುದು ಇದೇ ಕಾರಣಕ್ಕೆ.

ಜೆಆರ್ ಭಾಗವನ್ನೇ ನೋಡಿ. 1ರಿಂದ 16ರವರೆಗಿನ ಪ್ಲಾಟ್‌ಫಾರಂಗಳು ನೆಲಮಟ್ಟದಲ್ಲಿ ಅಕ್ಕಪಕ್ಕ ಇವೆ. ಪೂರ್ವ ಮತ್ತು ಪಶ್ಚಿಮದ ಗೇಟುಗಳು ಅವುಗಳ ಕೆಳಗಿನ ನೆಲಮಾಳಿಗೆಯಲ್ಲಿವೆ. ದಕ್ಷಿಣದ ಗೇಟುಗಳು ಹಳಿಗಳ ಮೇಲೆ ಹಾಯುವ ಸೇತುವೆಯ ಮಟ್ಟದಲ್ಲಿವೆ. ರೈಲಿನಿಂದ ಇಳಿದ ಕೂಡಲೇ ಮೆಟ್ಟಿಲು ಹತ್ತುತ್ತೀರೋ ಇಳಿಯುತ್ತೀರೋ ಎಂಬಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ. ದೂರದೂರಿನ ಬಸ್ಸು ಹಿಡಿಯಬೇಕೆ? 2016ರಲ್ಲಿ ತೆರೆದ ಬಸ್ಸು ನಿಲ್ದಾಣ ಹೊಸ ದಕ್ಷಿಣ ಗೇಟಿನ ಪಕ್ಕದಲ್ಲೇ ಇದೆ, ಹತ್ತಿ. ಮಹಾನಗರ ಆಡಳಿತದ ಜೋಡಿ ಗೋಪುರಕ್ಕೆ ಪಶ್ಚಿಮ ಗೇಟು, ಮನರಂಜನೆಯ ಬಡಾವಣೆ ಕಬುಕಿಚೊಗೆ ಪೂರ್ವ ಗೇಟು, ಇಳಿಯಿರಿ. ತಪ್ಪು ಮೆಟ್ಟಿಲು ಹಿಡಿದಿರೆಂದು ಗೊತ್ತಾದರೆ ಗೇಟಿನ ಒಳಗಿರುವಾಗಲೇ ಹಿಂದಿರುಗುವುದು ಒಳ್ಳೆಯದು. ಹೊರಬಿದ್ದರೆ ಕಾರ್ಡಿನಿಂದ ಹಣ ಕಡಿತವಾಗಿ ಆ ಪ್ರಯಾಣ ಮುಗಿದಂತೆ. 2020ರ ಜುಲೈನಲ್ಲಿ ಪೂರ್ವ ಪಶ್ಚಿಮಗಳ ನಡುವೆ ಟಿಕೆಟ್ಟಿಲ್ಲದೆ ನಡೆಯಬಹುದಾದ ಓಣಿ ತೆರೆಯಿತು. ಅಲ್ಲಿಯವರೆಗೆ ಹೀಗೆ ಹೊರಬಿದ್ದವರು ದೂರ ಸುತ್ತಿಕೊಂಡೇ ಆಚೆ ಬದಿಗೆ ಹೋಗಬೇಕಿತ್ತು.

ಇನ್ನು ಹೆಸರುಗಳ ಗೊಂದಲ. ಶಿಂಜುಕು, ಸೇಬು ಶಿಂಜುಕು, ನಿಶಿ ಶಿಂಜುಕು, ಶಿಂಜುಕು ಸಂಚೋಮೆ, ಶಿಂಜುಕು ನಿಶಿಗುಚಿ, ಇವೆಲ್ಲ ಬೇರೆಬೇರೆ ನಿಲ್ದಾಣಗಳು. ಕೇಯೊ ಕಂಪನಿಗಂತೂ ಶಿಂಜುಕುವಿನಲ್ಲೇ ಎರಡು ಠಾವು: ಮುಖ್ಯ ಮಾರ್ಗದ್ದು ಒಂದು ಕಡೆ, ತೋಯೇ ಶಿಂಜುಕು ಮಾರ್ಗದೊಂದಿಗೆ ಹಂಚಿಕೊಂಡ ಹೊಸ ಮಾರ್ಗದ್ದು ನೆಲದಡಿ ಇನ್ನಷ್ಟು ಆಳದಲ್ಲಿ. ಹೆಸರು ನಂಬುವುದಕ್ಕಿಂತ ಸಂಕೇತ ನಂಬುವುದು ಲೇಸು. ಪ್ರತಿ ನಿಲ್ದಾಣಕ್ಕೂ ಮಾರ್ಗದ ಅಕ್ಷರ ಮತ್ತು ಅಂಕಿ ಸೇರಿದ ಗುರುತು ಇರುತ್ತದೆ. ಜೆಆರ್‌ನ ಯಮನೋಟೆ ಮಾರ್ಗದ ಶಿಂಜುಕು 'ಜೆವೈ 17'. ಓಯೆಡೊ ಮಾರ್ಗದ ಶಿಂಜುಕು 'ಇ 27'. ಓಯೆಡೊದ ನಕ್ಷೆ ಮೇಲ್ನೋಟಕ್ಕೆ ವೃತ್ತ, ನಿಜಕ್ಕೆ 6 ಅಂಕಿಯ ಆಕಾರ. ಹತ್ತಿರದಲ್ಲೇ ಇರುವ ಶಿಂಜುಕು ನಿಶಿಗುಚಿ ಅದೇ ಮಾರ್ಗದ 'ಇ 01'. 27ರಿಂದ 01ಕ್ಕೆ ಹೋಗಲು ನಡುವಿನ ತೊಚೋಮಾಎಯಲ್ಲಿ ಇಳಿದು ಇನ್ನೊಂದು ರೈಲು ಹತ್ತಬೇಕು. ವೃತ್ತವೆಂದು ನಂಬಿ ಕೂತವರು ಬೇರೆಲ್ಲೋ ತಲುಪುತ್ತಾರೆ.

ಈಗ ಗೇಟಿನ ಒಳಗೇನು ನಡೆಯುತ್ತದೆ ಎಂಬುದಕ್ಕೆ ಬರೋಣ; ಈ ವ್ಯವಸ್ಥೆಯ ನಿಜವಾದ ಜಾಣ್ಮೆ ಇರುವುದು ಅಲ್ಲಿ. ನಮ್ಮ ಮೆಟ್ರೊದಲ್ಲಿ ಗೇಟು ಮುಚ್ಚಿರುತ್ತದೆ, ಕಾರ್ಡು ತೋರಿಸಿದರೆ ತೆರೆಯುತ್ತದೆ. ಜಪಾನಿನ ದೊಡ್ಡ ನಿಲ್ದಾಣಗಳ ಗೇಟುಗಳು ಸಾಮಾನ್ಯವಾಗಿ ತೆರೆದೇ ಇರುತ್ತವೆ, ತಪ್ಪು ಕಂಡಾಗ ಮಾತ್ರ ಮುಚ್ಚುತ್ತವೆ. ಸರಿಯಾದ ಕಾರ್ಡು ಹಿಡಿದವರು ನಡಿಗೆ ನಿಲ್ಲಿಸಬೇಕಿಲ್ಲ. ಒಂದು ಗೇಟು ನಿಮಿಷಕ್ಕೆ ಸುಮಾರು 60 ಜನರನ್ನು ಬಿಡಬೇಕೆಂಬುದು ಗುರಿ. ಅದಕ್ಕಾಗಿ ಕಾರ್ಡನ್ನು ಗುರುತಿಸಿ, ಹತ್ತಿದ ನಿಲ್ದಾಣ ಓದಿ, ದರ ಲೆಕ್ಕ ಹಾಕಿ, ಉಳಿಕೆ ಹಣವನ್ನು ಮತ್ತೆ ಕಾರ್ಡಿಗೆ ಬರೆಯುವ ಕೆಲಸವಷ್ಟೂ 0.2 ಸೆಕೆಂಡಿನಲ್ಲಿ ಮುಗಿಯಬೇಕು. ದೂರದ ಸರ್ವರನ್ನು ಕೇಳಿ ಉತ್ತರಕ್ಕೆ ಕಾಯುತ್ತ ಕೂತರೆ ಅಷ್ಟು ವೇಗ ಕಷ್ಟ. ಆದ್ದರಿಂದ ಹಣದ ಮೊತ್ತ, ಹತ್ತಿದ ಜಾಗ ಎರಡನ್ನೂ ಕಾರ್ಡಿನ ಚಿಪ್ಪಿನಲ್ಲೇ ಇಡುವ ಫೆಲಿಕಾ ತಂತ್ರಜ್ಞಾನವನ್ನು ಆರಿಸಿಕೊಂಡರು. 2001ರ ನವೆಂಬರಿನಲ್ಲಿ ಸುಯಿಕಾ ಕಾರ್ಡು ಬಂದದ್ದು ಹೀಗೆ.

ಆದರೆ ಪ್ರಯೋಗದ ದಿನಗಳಲ್ಲಿ ಜನ ಕಾರ್ಡನ್ನು ಹೇಗೆಂದರೆ ಹಾಗೆ ಬೀಸುತ್ತಿದ್ದರು. ಗೇಟಿನ ರೇಡಿಯೊ ಅಲೆ ತಲುಪುವ ಜಾಗದಿಂದ ಕಾರ್ಡು ಬೇಗ ಸರಿದುಹೋದರೆ ಬರೆಯುವುದು ಅರ್ಧಕ್ಕೇ ನಿಲ್ಲುತ್ತದೆ. ವಿನ್ಯಾಸಕ ಶುಂಜಿ ಯಮನಾಕಾ ಜನರ ಕೈಚಲನೆಯನ್ನು ಗಮನಿಸಿ, ಓದುವ ಫಲಕವನ್ನು ಪ್ರಯಾಣಿಕರ ಕಡೆಗೆ 13.5 ಡಿಗ್ರಿ ಓರೆ ಮಾಡಿದರು. ಓರೆ ಫಲಕ ಕಂಡರೆ ಕೈ ತಾನೇ ಅದರ ಮೇಲೆ ಒಂದು ಕ್ಷಣ ಊರುತ್ತದೆ. ಬರೆದ ಸೂಚನೆಗಿಂತ ಇದು ಹೆಚ್ಚು ಕೆಲಸ ಮಾಡಿತು. ಇಂದಿಗೂ ಗೇಟು ಮುಚ್ಚಿಕೊಂಡರೆ ಹಣ ಕಡಿಮೆ ಇರಬೇಕು, ಇಲ್ಲವೇ ಕಾರ್ಡು ಬೀಸಿ ಹೋಗಿರಬೇಕು. ಪರ್ಸಿನಲ್ಲಿ ಇಂಥವೇ ಎರಡು ಕಾರ್ಡು ಒಟ್ಟಿಗಿದ್ದರೂ ಗೇಟು ಗೊಂದಲಕ್ಕೆ ಬೀಳುತ್ತದೆ. ಹಣ ಕಡಿಮೆಯಾದರೆ ಹೊರಹೋಗುವ ಗೇಟಿನ ಒಳಬದಿಯಲ್ಲೇ ದರ ಸರಿಪಡಿಸುವ ಯಂತ್ರಗಳಿರುತ್ತವೆ, ನೋಟು ಹಾಕಿ ತುಂಬಿಕೊಳ್ಳಬಹುದು.

ಒಂದು ಕಂಪನಿಯಿಂದ ಇನ್ನೊಂದಕ್ಕೆ ನೇರ ಹೋಗುವ ಕಡೆ ಬದಲಾವಣೆ ಗೇಟು ಇರುತ್ತದೆ. ಶಿಂಜುಕುವಿನಲ್ಲಿ ಜೆಆರ್‌ನಿಂದ ಒಡಾಕ್ಯೂಗೂ ಕೇಯೊಗೂ ಅಂಥ ಗೇಟುಗಳಿವೆ. ಒಮ್ಮೆ ಕಾರ್ಡು ಮುಟ್ಟಿಸಿದರೆ ಹಳೆಯ ಪ್ರಯಾಣ ಮುಗಿದು ಹೊಸದು ಶುರುವಾಗುತ್ತದೆ. ಹಕೊನೆ ಕಡೆಗೆ ಹೋಗುವ ಒಡಾಕ್ಯೂನ ರೊಮಾನ್ಸ್‌ಕಾರ್ ರೈಲಿಗೆ ಇದಲ್ಲದೆ ಬೇರೆ ವಿಶೇಷ ಟಿಕೆಟ್ ಬೇಕು; ಕಾರ್ಡಿನಲ್ಲಿ ಹಣವಿದ್ದ ಮಾತ್ರಕ್ಕೆ ಹತ್ತುವಂತಿಲ್ಲ. ಟೋಕಿಯೊ ಮೆಟ್ರೊದ ಕೆಲವು ನಿಲ್ದಾಣಗಳಲ್ಲಿ ಅದೇ ಕಂಪನಿಯ ಇನ್ನೊಂದು ಮಾರ್ಗಕ್ಕೆ ಹೋಗಲೂ ಹೊರಬಂದು ಮತ್ತೆ ಒಳಹೋಗಬೇಕು. 60 ನಿಮಿಷದೊಳಗೆ ಒಳಹೊಕ್ಕರೆ ಒಂದೇ ಪ್ರಯಾಣವೆಂದು ಲೆಕ್ಕ. ಕಾಗದದ ಟಿಕೆಟಿನವರು ಅಲ್ಲಿ ಕಿತ್ತಳೆ ಬಣ್ಣದ ಗೇಟನ್ನೇ ಬಳಸಬೇಕು, ಬೇರೆ ಗೇಟು ಟಿಕೆಟ್ ನುಂಗಿಬಿಡುತ್ತದೆ.

ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿಗೆ ಹೋಗುವಾಗ ಕೈಯಲ್ಲಿ ಎರಡು ಮೂರು ಕಾಗದದ ಟಿಕೆಟ್‌ಗಳಿರಬಹುದು. ಎಲ್ಲವನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ತೂರಿಸಿ. ತಲೆಕೆಳಗಾದರೂ ಚಿಂತೆಯಿಲ್ಲ, ಯಂತ್ರವೇ ಬಿಡಿಸಿ ಓದಿ, ಜೋಡಿಸಿ ಆಚೆ ಬದಿಗೆ ಕೊಡುತ್ತದೆ. ಬಂದದ್ದನ್ನೆಲ್ಲ ಮರೆಯದೆ ತೆಗೆದುಕೊಳ್ಳಬೇಕು. ಸಾಮಾನ್ಯ ರೈಲಿನಲ್ಲಿ ಕಾರ್ಡಿನಿಂದ ಬಂದಿದ್ದರೆ ಬದಲಾವಣೆ ಗೇಟಿನಲ್ಲಿ ಮೊದಲು ಕಾಗದ ಹಾಕಿ, ಆಮೇಲೆ ಕಾರ್ಡು ಮುಟ್ಟಿಸಬೇಕು.

ಟೋಕಿಯೊ ನಿಲ್ದಾಣದ ತೊಂದರೆ ಇನ್ನೊಂದು ಬಗೆಯದು. ಡಿಸ್ನಿಲ್ಯಾಂಡ್ ಕಡೆಗೆ ಹೋಗುವ ಕೇಯೊ ಮಾರ್ಗದ ಪ್ಲಾಟ್‌ಫಾರಂ ದಕ್ಷಿಣದ ತುದಿಯಲ್ಲಿ, ನೆಲದಡಿ ಆಳದಲ್ಲಿದೆ. (ಶಿಂಜುಕುವಿನ ಕೇಯೊ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ, ಇದು ಜೆಆರ್‌ನದು.) ಎಂದೂ ಪೂರ್ಣವಾಗದ ನರಿತಾ ಶಿಂಕಾನ್‌ಸೆನ್‌ಗೆಂದು ಕಾದಿರಿಸಿದ್ದ ಜಾಗವದು. ಗೇಟು ದಾಟದಿದ್ದರೂ ಉಳಿದ ಪ್ಲಾಟ್‌ಫಾರಂಗಳಿಂದ 15-20 ನಿಮಿಷ ಹಿಡಿಯುತ್ತದೆ. ಪೆಟ್ಟಿಗೆಯಿದ್ದರೆ ಇನ್ನೂ ಹೆಚ್ಚು: ಪ್ಲಾಟ್‌ಫಾರಂಗೆ ಸಾಮಾನ್ಯವಾಗಿ ಲಿಫ್ಟ್ ಒಂದೇ, ಅದೂ ಹತ್ತಿರ ಇರುವ ಖಾತರಿಯಿಲ್ಲ. ಗೇಟಿನ ಒಳಗಿನ ಲಾಕರಿನಲ್ಲಿ ಸಾಮಾನಿಟ್ಟು ಹೊರಹೋದವರು ಅದನ್ನು ತರಲು ಮತ್ತೆ ಹಣ ಕೊಟ್ಟು ಒಳಗೆ ಬರಬೇಕು ಎಂಬುದೂ ನೆನಪಿರಲಿ.

ಜನದಟ್ಟಣೆಗೂ ತನ್ನದೇ ಲೆಕ್ಕವಿದೆ. ಅಡ್ಡಿಯಿಲ್ಲದಾಗ ಮನುಷ್ಯ ಸೆಕೆಂಡಿಗೆ ಸುಮಾರು 1.3 ಮೀಟರ್ ನಡೆಯುತ್ತಾನೆ. ಚದರ ಮೀಟರಿಗೆ ಇಬ್ಬರಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನಾಲ್ಕೈದು ಜನರಾದರೆ ನಡಿಗೆ ನಿಂತೇ ಹೋಗುತ್ತದೆ. ನಕ್ಷೆ ನೋಡಲು ಓಣಿಯ ನಡುವೆ ನಿಂತ ಒಬ್ಬರಿಂದ ಹಿಂದೆ ಹತ್ತಾರು ಜನರ ಹರಿವು ಕೆಡುತ್ತದೆ. ಗೋಡೆಗೋ ಕಂಬಕ್ಕೋ ಸರಿದು ನಿಲ್ಲಿ. ಎಸ್ಕಲೇಟರಿನಲ್ಲಿ ಟೋಕಿಯೊದವರು ಎಡಕ್ಕೆ, ಒಸಾಕಾದವರು ಬಲಕ್ಕೆ ನಿಂತು ಇನ್ನೊಂದು ಬದಿ ಖಾಲಿ ಬಿಡುತ್ತಾರೆ. ತುಂಬಿದ ಹೊತ್ತಿನಲ್ಲಿ ಇದು ವ್ಯರ್ಥ, ಏಕೆಂದರೆ ಉದ್ದನೆಯ ಏರಿನಲ್ಲಿ ನಡೆದು ಹತ್ತುವವರು ಕಡಿಮೆ. ಸೈತಾಮಾ ಪ್ರಾಂತ 2021ರಲ್ಲಿ, ನಗೋಯಾ ನಗರ 2023ರಲ್ಲಿ ನಿಂತೇ ಹೋಗಬೇಕೆಂದು ನಿಯಮ ತಂದವು.

ಯಮನೋಟೆ ರೈಲಿಗೆ 20 ಮೀಟರಿನ 11 ಬೋಗಿಗಳು. ತಪ್ಪು ತುದಿಯಲ್ಲಿ ಇಳಿದರೆ ಆ ದಟ್ಟಣೆಯಲ್ಲಿ 200 ಮೀಟರ್ ನಡಿಗೆ. ಎಷ್ಟನೇ ಬೋಗಿ ಮೆಟ್ಟಿಲಿಗೆ ಹತ್ತಿರ ಎಂದು ಪ್ರಯಾಣದ ಆ್ಯಪ್‌ಗಳು ತೋರಿಸುತ್ತವೆ. ಹತ್ತುವಾಗಲೇ ಆ ಬೋಗಿ ಹಿಡಿಯುವುದು ಸುಲಭದ ಉಳಿತಾಯ.

ಎಲ್ಲ ಕೆಟ್ಟರೆ ಗೇಟುಗಳ ಸಾಲಿನ ತುದಿಯಲ್ಲಿರುವ ಸಿಬ್ಬಂದಿಯ ಕಿಂಡಿಗೆ ಹೋಗಿ, ಎಲ್ಲಿ ಹತ್ತಿದಿರಿ, ಎಲ್ಲಿಗೆ ಹೋಗಬೇಕು ಎಂಬ ಸಂಕೇತಗಳನ್ನು ತೋರಿಸಿದರೆ ಸಾಕು. ಅವರೂ ಬಿಡಿಸಲಾಗದ ತೊಡಕೊಂದಿದೆ. 2013ರಿಂದ ಹತ್ತು ಬಗೆಯ ಕಾರ್ಡುಗಳು ದೇಶದ ಬಹುಭಾಗ ನಡೆಯುತ್ತವೆ ನಿಜ, ಆದರೆ ಒಂದು ವಲಯದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವಂತಿಲ್ಲ. ಟೋಕಿಯೊದಲ್ಲಿ ಕಾರ್ಡು ಮುಟ್ಟಿಸಿ ಸಾಮಾನ್ಯ ರೈಲಿನಲ್ಲೇ ವಲಯದ ಗಡಿಯಾದ ಅತಾಮಿ ದಾಟಿ ಶಿಜುವೊಕಾದಲ್ಲಿ ಇಳಿದರೆ ಗೇಟು ಮುಚ್ಚಿಕೊಳ್ಳುತ್ತದೆ. ಅಲ್ಲಿ ನಗದು ಕೊಟ್ಟು ಚೀಟಿ ಪಡೆದು, ಹತ್ತಿದ ದಾಖಲೆಯನ್ನು ಅಳಿಸಲು ಟೋಕಿಯೊ ವಲಯದ ನಿಲ್ದಾಣಕ್ಕೆ ಮರಳುವವರೆಗೆ ಆ ಕಾರ್ಡು ರೈಲಿಗೆ ಉಪಯೋಗಕ್ಕೆ ಬಾರದು. ಇಂಥ ಪ್ರಯಾಣಕ್ಕೆ ಹೊರಡುವ ಮುಂಚೆಯೇ ಕಾಗದದ ಟಿಕೆಟ್ ಕೊಳ್ಳಬೇಕು.