ಆಂಜಿಯೊಟೆನ್ಸಿನ್ ಗ್ರಾಹಿ: ಆ ‘2’ ಯಾರದ್ದು?

ಜಯನಗರದ ನಮ್ಮ ವಾಕಿಂಗ್ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಮತ್ತೆ ಅದೇ ಸಂದೇಶ ಬಂದಿದೆ: ‘ಟೆಲ್ಮಿಸಾರ್ಟಾನ್ ಎಟಿ2 ರಿಸೆಪ್ಟರ್ ಮುಚ್ಚುತ್ತದೆ. ಕೊರೊನಾ ಒಳಗೆ ಬರುವುದೂ ಅದೇ ರಿಸೆಪ್ಟರಿನಿಂದ.’ ಟೆಲ್ಮಿಸಾರ್ಟಾನ್ ಎಂದರೆ ಬಿಪಿ ಇಳಿಸುವ ಮಾತ್ರೆ. ಸಂದೇಶದ ಎರಡೂ ಮಾತು ತಪ್ಪು. ಇಂಥದ್ದನ್ನು ಓದಿ ಬಿಪಿ ಮಾತ್ರೆ ಬಿಟ್ಟುಬಿಡುವವರು ಇರುವಾಗ ಸುಮ್ಮನಿರುವುದು ಸರಿಯಲ್ಲ.

ಗೊಂದಲವೆಲ್ಲ 2 ಎಂಬ ಅಂಕಿಯದು. ಅದು ಮೂರು ಬೇರೆ ಬೇರೆ ವಸ್ತುಗಳ ಹೆಸರಿಗೆ ಅಂಟಿಕೊಂಡಿದೆ: ಆಂಜಿಯೊಟೆನ್ಸಿನ್ 2, ಎಟಿ2, ಎಸಿಇ2.

ಆಂಜಿಯೊಟೆನ್ಸಿನ್ 2 ಒಂದು ಹಾರ್ಮೋನು. ಲಿವರ್ ತಯಾರಿಸುವ ದೊಡ್ಡ ಪ್ರೋಟೀನೊಂದನ್ನು ಕಿಡ್ನಿಯಿಂದ ಬಂದ ರೆನಿನ್ ಎಂಬ ಕಿಣ್ವ ಕತ್ತರಿಸುತ್ತದೆ. ಆಗ ಸಿಗುವ 10 ಅಮೈನೊ ಆಮ್ಲಗಳ ತುಣುಕು ಆಂಜಿಯೊಟೆನ್ಸಿನ್ 1. ಅದಕ್ಕೆ ಹೆಚ್ಚಿನ ಶಕ್ತಿಯಿಲ್ಲ. ಶ್ವಾಸಕೋಶದ ರಕ್ತನಾಳಗಳ ಒಳಪದರದಲ್ಲಿ ಹೇರಳವಾಗಿರುವ ಎಸಿಇ ಎಂಬ ಕಿಣ್ವ ಅದರ ತುದಿಯಿಂದ ಎರಡು ಅಮೈನೊ ಆಮ್ಲ ಕಳಚಿದ ಮೇಲೆ ಉಳಿಯುವ 8ರ ತುಣುಕೇ ಆಂಜಿಯೊಟೆನ್ಸಿನ್ 2. ಇಲ್ಲಿ 2 ಎಂದರೆ ತಯಾರಾಗುವ ಸರದಿ, ಅಷ್ಟೆ.

ಎಟಿ2 ಹಾರ್ಮೋನಲ್ಲ, ಗ್ರಾಹಿ (ರಿಸೆಪ್ಟರ್). ಅಂದರೆ ಹಾರ್ಮೋನು ಬಂದು ಕೂರುವ, ಜೀವಕೋಶದ ಪೊರೆಯಲ್ಲಿರುವ ಪ್ರೋಟೀನು. ಆಂಜಿಯೊಟೆನ್ಸಿನ್ 2ಕ್ಕೆ ಇಂಥ ಮುಖ್ಯ ಗ್ರಾಹಿಗಳು ಎರಡು: ಎಟಿ1, ಎಟಿ2. ಬಿಪಿ ಏರಿಸುವ ಕೆಲಸವೆಲ್ಲ ಎಟಿ1ರದ್ದು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್, ಓಲ್ಮೆಸಾರ್ಟಾನ್ ತಡೆಯುವುದು ಅದನ್ನೇ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ ‘ಆಂಜಿಯೊಟೆನ್ಸಿನ್ 2 ರಿಸೆಪ್ಟರ್ ಬ್ಲಾಕರ್’ ಎಂದಿರುತ್ತದೆ. ಆ 2 ಹಾರ್ಮೋನಿನದು. ಓದುವವರು ಅದನ್ನು ಎತ್ತಿ ರಿಸೆಪ್ಟರಿಗೆ ಅಂಟಿಸಿಬಿಡುತ್ತಾರೆ. ಆರೋಗ್ಯ ಅಂಕಣ ಬರೆಯುವವರೂ ಇದನ್ನೇ ಮಾಡಿದರೆ ಏನು ಹೇಳುವುದು?

ಎಸಿಇ2 ಮೂರನೆಯದು. 2000ದಲ್ಲಿ ಪತ್ತೆಯಾದ ಕಿಣ್ವ. ಆಂಜಿಯೊಟೆನ್ಸಿನ್ 2ರಿಂದ ಇನ್ನೂ ಒಂದು ಅಮೈನೊ ಆಮ್ಲ ಕತ್ತರಿಸಿ, ರಕ್ತನಾಳ ಸಡಿಲಿಸುವ ಬೇರೊಂದು ತುಣುಕನ್ನಾಗಿ ಮಾಡುತ್ತದೆ. ಕೊರೊನಾ ವೈರಸ್ ಹಿಡಿದುಕೊಳ್ಳುವುದು ಇದನ್ನು. ವೈರಸ್ಸಿನ ಪಾಲಿಗೆ ಇದು ಗ್ರಾಹಿ ಹೌದು, ಆಂಜಿಯೊಟೆನ್ಸಿನ್ ಪಾಲಿಗೆ ಕತ್ತರಿ. ಟೆಲ್ಮಿಸಾರ್ಟಾನ್ ಮುಚ್ಚುವುದು ಇದನ್ನಲ್ಲ.

ಆಂಜಿಯೊಟೆನ್ಸಿನ್ ಎಂದರೆ ‘ಟೆನ್ಶನ್ ಹಾರ್ಮೋನ್’ ಎಂಬ ಮಾತೂ ಓಡಾಡುತ್ತಿದೆ. ಇಲ್ಲಿನ ಟೆನ್ಶನ್ ಆಫೀಸಿನದ್ದಲ್ಲ, ರಕ್ತದೊತ್ತಡದ್ದು. ಈ ವಸ್ತುವನ್ನು 1940ರ ಹೊತ್ತಿಗೆ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಬ್ಯೂನಸ್ ಐರಿಸ್‌ನವರು ಹೈಪರ್‌ಟೆನ್ಸಿನ್ ಎಂದರು, ಅಮೆರಿಕದ ಇಂಡಿಯಾನಾಪೊಲಿಸ್‌ನವರು ಆಂಜಿಯೊಟೋನಿನ್ ಎಂದರು. 1958ರಲ್ಲಿ ಬ್ಯೂನಸ್ ಐರಿಸ್ ತಂಡದ ಬ್ರೌನ್ ಮೆನೆಂಡೆಜ್ ಮತ್ತು ಇಂಡಿಯಾನಾಪೊಲಿಸ್ ತಂಡದ ಇರ್ವಿನ್ ಪೇಜ್ ರಾಜಿಯಾಗಿ ಅತ್ತಲಿಂದ ಅರ್ಧ ಇತ್ತಲಿಂದ ಅರ್ಧ ತೆಗೆದು ಆಂಜಿಯೊಟೆನ್ಸಿನ್ ಎಂದು ಜೋಡಿಸಿದರು. ಆಂಜಿಯೊ ಎಂದರೆ ಗ್ರೀಕಿನಲ್ಲಿ ನಾಳ. ‘ನಮ್ಮ ತಂದೆಗೆ ಆಂಜಿಯೊ ಆಯ್ತು’ ಎನ್ನುವಾಗ ನಾವು ಬಳಸುವುದೂ ಅದನ್ನೇ.

ಇನ್ನು ಎಟಿ1 ಎಲ್ಲೆಲ್ಲಿದೆ ಎಂಬುದು. ರಕ್ತನಾಳದ ಸ್ನಾಯುವಿನಲ್ಲಿದ್ದು ನಾಳವನ್ನು ಬಿಗಿಮಾಡುತ್ತದೆ. ಮೆದುಳಿನಲ್ಲಿ ಬಾಯಾರಿಕೆ ಹುಟ್ಟಿಸುತ್ತದೆ. ಹೃದಯದಲ್ಲಿ ವರ್ಷಗಟ್ಟಲೆ ಅತಿಯಾಗಿ ಕೆಲಸ ಮಾಡಿದರೆ ಸ್ನಾಯು ದಪ್ಪವಾಗಿ ನಾರುಗಟ್ಟುತ್ತದೆ. ಎಟಿ2 ಭ್ರೂಣದ ಅಂಗಾಂಶಗಳಲ್ಲಿ ಹೇರಳ, ಹುಟ್ಟಿದ ಮೇಲೆ ವಿರಳ. ಅದರ ಒಲವು ಬಹುಮಟ್ಟಿಗೆ ಎಟಿ1ಕ್ಕೆ ವಿರುದ್ಧ, ನಾಳ ಸಡಿಲಿಸುವ ಕಡೆಗೆ. ಎಟಿ1 ಮುಚ್ಚಿದಾಗ ರಕ್ತದಲ್ಲಿ ಆಂಜಿಯೊಟೆನ್ಸಿನ್ 2 ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಹೆಚ್ಚಿದ್ದು ಖಾಲಿಯಿರುವ ಎಟಿ2ಕ್ಕೆ ಸಿಗುತ್ತದೆ. ಹಾಗಾಗಿ ‘ಈ ಮಾತ್ರೆ ಆಂಜಿಯೊಟೆನ್ಸಿನ್ ತಗ್ಗಿಸುತ್ತದೆ’ ಎಂದು ಬರೆಯಬೇಡಿ. ತಗ್ಗಿಸುವುದು ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಎಸಿಇ ತಡೆಮದ್ದುಗಳು, ಕೆಲವರಿಗೆ ಒಣಕೆಮ್ಮು ತರುವವು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕಿಡ್ನಿ ಮತ್ತು ಅದರ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ. ಕಿಡ್ನಿಯ ಸೋಸುಗಂಟಿನಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಎಟಿ1 ಬಿಗಿಯಾಗಿಟ್ಟಿರುತ್ತದೆ, ಅದರಿಂದಲೇ ಸೋಸಲು ಬೇಕಾದ ಒತ್ತಡ ನಿಲ್ಲುವುದು. ಮಾತ್ರೆ ಆ ಬಿಗಿಯನ್ನು ಸಡಿಲಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಒತ್ತಡ ಹೆಚ್ಚಾಗಿರುವ ಕಿಡ್ನಿಗೆ ಇದು ದೊಡ್ಡ ಉಪಕಾರ, ಶುರುವಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ರಕ್ತದಲ್ಲಿ ತುಸು ಏರುವುದೂ ಇದರಿಂದಲೇ. ಅಡ್ರಿನಲ್‌ನಲ್ಲಿ ಎಟಿ1 ಆಲ್ಡೊಸ್ಟೆರೋನ್ ಎಂಬ ಇನ್ನೊಂದು ಹಾರ್ಮೋನು ಬಿಡಿಸುತ್ತದೆ. ಅದು ಸೋಡಿಯಂ ಉಳಿಸಿ ಪೊಟ್ಯಾಸಿಯಂ ಹೊರಹಾಕುತ್ತದೆ. ಮಾತ್ರೆಯಿಂದ ಆಲ್ಡೊಸ್ಟೆರೋನ್ ಕಡಿಮೆಯಾದರೆ ಪೊಟ್ಯಾಸಿಯಂ ರಕ್ತದಲ್ಲೇ ನಿಲ್ಲುತ್ತದೆ, ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ನಮ್ಮ ಪಾರ್ಕಿನ ಗೇಟಿನೆದುರು ಎಳನೀರಿನ ಗಾಡಿ ನಿಲ್ಲುತ್ತದೆ. ಕಿಡ್ನಿ ಸರಿಯಿರುವವರು ಕುಡಿಯಲಿ, ಒಳ್ಳೆಯದು. ಆದರೆ ಕಿಡ್ನಿ ಸೋತಿದ್ದು ಈ ಮಾತ್ರೆಯ ಮೇಲಿರುವ ಹಿರಿಯರಿಗೆ ‘ಬಿಪಿಗೆ ಒಳ್ಳೇದು, ದಿನಾ ಎರಡು ಕುಡೀರಿ ಅಂಕಲ್’ ಎಂದು ಉಪದೇಶಿಸಬೇಡಿ, ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಸೋಡಿಯಂ ಕಡಿಮೆ ಎಂದು ಮಾರುವ ಎಷ್ಟೋ ಉಪ್ಪುಗಳಲ್ಲೂ ಅದರ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ಮಾತ್ರೆ ಶುರುಮಾಡಿದ ಒಂದೆರಡು ವಾರಕ್ಕೆ ಡಾಕ್ಟರು ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಬರೆದುಕೊಟ್ಟರೆ ಅದು ದುಡ್ಡಿಗಾಗಿ ಅಲ್ಲ, ಮಾಡಿಸಿಕೊಳ್ಳಿ.