ಕೊಟ್ಟಿಗೆಯಷ್ಟು ದೊಡ್ಡ ನ್ಯೂಕ್ಲಿಯಸ್

ಬಾರ್ನ್ ಅಂದರೆ ಕೊಟ್ಟಿಗೆ. ಅಮೆರಿಕದ ರೈತರು ದನ ಕಟ್ಟಲು, ಹುಲ್ಲು ಒಟ್ಟಲು ಕಟ್ಟಿಕೊಳ್ಳುವ ದೊಡ್ಡ ಕೊಟ್ಟಿಗೆ. ಕಣವೊಂದು ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ಗೆ ಬಡಿಯುವ ಸಾಧ್ಯತೆಯನ್ನು ಅಳೆಯುವ ಮಾನಕ್ಕೂ ಅದೇ ಹೆಸರು. ಒಂದು ಚದರ ಸೆಂಟಿಮೀಟರ್ ಜಾಗವನ್ನು, 1ರ ಮುಂದೆ 24 ಸೊನ್ನೆ ಹಾಕಿದರೆ ಎಷ್ಟಾಗುತ್ತದೋ ಅಷ್ಟು ಪಾಲು ಮಾಡಿ. ಅದರಲ್ಲಿ ಒಂದು ಪಾಲು 1 ಬಾರ್ನ್.

ಹೆಸರಿಟ್ಟವರು ಭೌತವಿಜ್ಞಾನಿಗಳಾದ ಮಾರ್ಷಲ್ ಹಾಲೋವೇ ಮತ್ತು ಚಾರ್ಲ್ಸ್ ಬೇಕರ್. 1942ರ ಡಿಸೆಂಬರ್‌ನಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ, ರಾತ್ರಿ ಊಟ ಮಾಡುತ್ತಾ. ಆ ಕಾಲದ ದೊಡ್ಡ ಭೌತವಿಜ್ಞಾನಿಗಳ ಹೆಸರಿಡಲು ನೋಡಿದರು. ಓಪನ್‌ಹೈಮರ್ ಅಂತ ಇಡೋಣವೆಂದರೆ ಹೆಸರು ಉದ್ದವಾಯಿತು. ಬೆಥೆ ಅಂದರೆ ಗ್ರೀಕ್ ಅಕ್ಷರ ಬೀಟಾ ಜತೆ ಗೊಂದಲ. ಇಬ್ಬರಲ್ಲೊಬ್ಬರು ಹಳ್ಳಿ ಕಡೆಯವರು. ನ್ಯೂಕ್ಲಿಯಸ್ ಲೋಕದಲ್ಲಿ ಇಷ್ಟು ಜಾಗ ಅಂದರೆ ಕೊಟ್ಟಿಗೆಯಷ್ಟೇ ದೊಡ್ಡದು ಅಲ್ವಾ, ಅದಕ್ಕೇ ಬಾರ್ನ್ ಎಂದರು.

ಆದರೆ ಇದು ನ್ಯೂಕ್ಲಿಯಸ್‌ನ ನಿಜವಾದ ಗಾತ್ರ ಅಲ್ಲ, ಬರುವ ಕಣದ ಪಾಲಿಗೆ ಅದು ಎಷ್ಟು ದೊಡ್ಡ ಗುರಿ ಅನ್ನುವ ಲೆಕ್ಕ. ನನಗೆ ತುಂಬ ಇಷ್ಟವಾಗುವುದು ಇದೇ. ಝೆನಾನ್ ಅನಿಲದ ಒಂದು ಬಗೆಯಾದ ಝೆನಾನ್-135ರ ನ್ಯೂಕ್ಲಿಯಸ್ ನಿಜಕ್ಕೂ ಇರುವುದು 1 ಬಾರ್ನ್ ಚಿಲ್ಲರೆ ಅಷ್ಟೇ. ನಿಧಾನವಾಗಿ ಬರುವ ನ್ಯೂಟ್ರಾನಿಗೆ ಮಾತ್ರ ಅದು ಸುಮಾರು 26 ಲಕ್ಷ ಬಾರ್ನ್! 1944ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹ್ಯಾನ್‌ಫೋರ್ಡ್‌ನ ಬಿ ರಿಯಾಕ್ಟರ್ ಶುರುವಾದ ಕೆಲವೇ ಗಂಟೆಗಳಲ್ಲಿ ತಾನಾಗೇ ಸೊರಗಿ ನಿಂತುಹೋಯಿತು. ಆಮೇಲೆ ಮತ್ತೆ ಜೀವ ಬಂತು. ಒಳಗೇ ಹುಟ್ಟಿದ ಚೂರು ಝೆನಾನ್ ನ್ಯೂಟ್ರಾನುಗಳನ್ನೆಲ್ಲ ನುಂಗುತ್ತಿತ್ತು, ಅದು ತಾನೇ ಕರಗಿಹೋದಂತೆ ರಿಯಾಕ್ಟರ್ ಚೇತರಿಸಿಕೊಳ್ಳುತ್ತಿತ್ತು. ಪುಣ್ಯಕ್ಕೆ, 1500 ಕೊಳವೆ ಸಾಕೆಂದು ವಿಜ್ಞಾನಿಗಳು ಹೇಳಿದ್ದರೂ ಎಂಜಿನಿಯರುಗಳು 2004ಕ್ಕೆ ಜಾಗ ಬಿಟ್ಟಿದ್ದರು. ಅವಕ್ಕೂ ಯುರೇನಿಯಂ ತುಂಬಿ ಓಡಿಸಿದರು.

ನಮ್ಮ ಕೈಗಾದಲ್ಲಿ ಭಾರಜಲ ಬಳಸುವುದೂ ಇದೇ ಲೆಕ್ಕದ ಮೇಲೆ. ನ್ಯೂಟ್ರಾನ್ ನುಂಗುವುದರಲ್ಲಿ ಮಾಮೂಲಿ ಹೈಡ್ರೋಜನ್ 0.33 ಬಾರ್ನ್, ಭಾರಜಲದಲ್ಲಿರುವ ಭಾರದ ಹೈಡ್ರೋಜನ್, ಅಂದರೆ ಡ್ಯುಟೀರಿಯಂ, ಬರೀ 0.0005.

ಕಣಗಳ ಡಿಕ್ಕಿಗೆ ಬಂದರೆ ಬಾರ್ನ್ ವಿಪರೀತ ದೊಡ್ಡದು. ಅಲ್ಲಿ ಬಾರ್ನ್‌ನ ಚೂರುಚೂರು ಪಾಲುಗಳಾದ ಪಿಕೊಬಾರ್ನ್, ಫೆಮ್ಟೊಬಾರ್ನ್. ಒಂದು ಪಿಕೊಬಾರ್ನ್‌ಗೆ ಸಾವಿರ ಫೆಮ್ಟೊಬಾರ್ನ್. ಎಷ್ಟು ಡಿಕ್ಕಿ ಕೂಡಿಹಾಕಿದರು ಅನ್ನುವುದನ್ನು ತಲೆಕೆಳಗಾಗಿ, 'ಪ್ರತಿ ಫೆಮ್ಟೊಬಾರ್ನ್‌ಗೆ ಇಷ್ಟು' ಅಂತ ಹೇಳುತ್ತಾರೆ. ಕೇಳಲು ವಿಚಿತ್ರ, ಆದರೆ ಎಣಿಕೆಗೆ ಬಹಳ ಸಲೀಸು, ಸುಮ್ನೆ ಗುಣಿಸಿದರಾಯಿತು. 2015ರಿಂದ 2018ರವರೆಗೆ ಜಿನೀವಾ ಬಳಿಯ ಸರ್ನ್‌ನಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿ ನೋಡುವ ಅಟ್ಲಾಸ್ ಪ್ರಯೋಗಕ್ಕೆ ಸಿಕ್ಕಿದ್ದು ಪ್ರತಿ ಫೆಮ್ಟೊಬಾರ್ನ್‌ಗೆ ಸುಮಾರು 140. ಆ ಡಿಕ್ಕಿಗಳಲ್ಲಿ ಹಿಗ್ಸ್ ಅನ್ನುವ ಕಣ ಹುಟ್ಟುವ ಸಾಧ್ಯತೆಯ ಅಳತೆ ಸುಮಾರು 50 ಪಿಕೊಬಾರ್ನ್, ಅಂದರೆ 50,000 ಫೆಮ್ಟೊಬಾರ್ನ್. ಗುಣಿಸಿ ನೋಡಿ: 70 ಲಕ್ಷ ಹಿಗ್ಸ್.