ಇಲಿಯಡ್ ಟಿಪ್ಪಣಿ: ಮರ್ಯಾದೆಗಾಗಿ ಹೋರಾಡಿದವರು

ಇಲಿಯಡ್‌ನಲ್ಲಿ ಮರದ ಕುದುರೆ ಬರುವುದಿಲ್ಲ, ಟ್ರಾಯ್ ಪಟ್ಟಣ ಬೀಳುವುದೂ ಇಲ್ಲ. ಹೋಮರನ ಹೆಸರಿನಲ್ಲಿರುವ ಈ 24 ಕಾಂಡಗಳ ಕಾವ್ಯ ಹಿಡಿಯುವುದು ಗ್ರೀಕರು ಟ್ರಾಯ್ ಮೇಲೆ ನಡೆಸಿದ ಯುದ್ಧದ ಹತ್ತನೇ ವರ್ಷದ ಕೆಲವೇ ವಾರಗಳನ್ನು. ಅದರ ಎಳೆ ಗ್ರೀಕ್ ವೀರ ಅಕಿಲೀಸನ ಕೋಪ.

ಕೋಪ ಏಕೆ? ತನ್ನ ಪಾಲಿಗೆ ಬಂದಿದ್ದ, ಅಪೊಲೊ ದೇವರ ಅರ್ಚಕನ ಮಗಳನ್ನು ಹಿಂದಿರುಗಿಸಬೇಕಾಗಿ ಬಂದಾಗ, ಆ ನಷ್ಟಕ್ಕೆ ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನ್ ಅಕಿಲೀಸನ ಪಾಲಿನ ಸೆರೆಯಾಳು ಬ್ರೈಸೀಸಳನ್ನು ಕಿತ್ತುಕೊಳ್ಳುತ್ತಾನೆ. ‘ಒಂದು ಹೆಣ್ಣಿಗಾಗಿ ಮುನಿಸು’ ಎಂದು ಬರೆದರೆ ಅರ್ಧ ಉತ್ತರವಷ್ಟೇ. ಆ ಸಮಾಜದಲ್ಲಿ ಮರ್ಯಾದೆ ನಾಲ್ಕು ಜನರ ಕಣ್ಣಿಗೆ ಕಾಣುವ ವಸ್ತು: ಔತಣದಲ್ಲಿ ಸಿಗುವ ಆಸನ, ಮಾಂಸದ ಪಾಲು, ಸೇನೆ ಹಂಚಿಕೊಟ್ಟ ಕೊಳ್ಳೆ. ಕೊಟ್ಟದ್ದನ್ನು ಕಸಿದರೆ ಎಲ್ಲರೆದುರು ಅವನ ಬೆಲೆ ಇಳಿಸಿದಂತೆ. ಬ್ರೈಸೀಸಳ ಮನಸ್ಸನ್ನು ಮಾತ್ರ ಯಾರೂ ಕೇಳುವುದಿಲ್ಲ. 19ನೇ ಕಾಂಡದಲ್ಲಿ ಅಕಿಲೀಸನ ಆಪ್ತ ಗೆಳೆಯ ಪ್ಯಾಟ್ರೊಕ್ಲಸನ ಶವದ ಮುಂದೆ ಅವಳು ಅಳುತ್ತ ಮಾತಾಡುತ್ತಾಳೆ. ಗಂಡನೂ ಮೂವರು ಅಣ್ಣತಮ್ಮಂದಿರೂ ಈ ಯುದ್ಧದಲ್ಲಿ ಸತ್ತದ್ದು ನಮಗೆ ತಿಳಿಯುವುದು ಆಗಲೇ. ಈ ಭಾಗವನ್ನು ದಯವಿಟ್ಟು ಬಿಡಬೇಡಿ.

ವೀರರ ಒಪ್ಪಂದ ಏನೆಂದು ತಿಳಿಯಲು 12ನೇ ಕಾಂಡದಲ್ಲಿ ಟ್ರಾಯ್ ಪರ ಹೋರಾಡುವ ಸಾರ್ಪೆಡಾನ್ ಸಾಕು. ಊರಲ್ಲಿ ನಮಗೆ ಒಳ್ಳೆಯ ಮಾಂಸ, ತುಂಬಿದ ಬಟ್ಟಲು ಏಕೆ ಸಿಗುತ್ತದೆ, ಹಾಗಾದರೆ ಮುಂದಿನ ಸಾಲಲ್ಲಿ ನಿಲ್ಲೋಣ ಎಂದು ಅವನು ಸಂಗಾತಿ ಗ್ಲಾಕಸನಿಗೆ ಹೇಳುತ್ತಾನೆ. 9ನೇ ಕಾಂಡದಲ್ಲಿ, ಕೋಪದಿಂದ ಯುದ್ಧ ಬಿಟ್ಟು ಕೂತ ಅಕಿಲೀಸ್ ಈ ಒಪ್ಪಂದವನ್ನೇ ಅನುಮಾನಿಸುತ್ತಾನೆ. ಯುದ್ಧಕ್ಕೆ ಮರಳಿದರೆ ಅಗಮೆಮ್ನಾನ್ ಚಿನ್ನ, ಕುದುರೆ, ಏಳು ಊರು, ಬ್ರೈಸೀಸಳನ್ನೂ ಕೊಡುತ್ತೇನೆಂದರೂ ಒಪ್ಪುವುದಿಲ್ಲ. ದುಡಿದವನೂ ಸಾಯುತ್ತಾನೆ, ದುಡಿಯದವನೂ ಸಾಯುತ್ತಾನೆ ಎನ್ನುತ್ತಾನೆ.

ಟ್ರಾಯ್‌ನ ರಾಜಕುಮಾರ ಹೆಕ್ಟರನ ಕಥೆ ಇನ್ನೂ ಕಷ್ಟದ್ದು. 6ನೇ ಕಾಂಡದಲ್ಲಿ ಹೆಂಡತಿ ಆಂಡ್ರೊಮಾಕಿ ಬೇಡಿಕೊಂಡರೂ, ಹಿಂದೆ ಸರಿದರೆ ಟ್ರಾಯ್‌ನ ಜನರ ಮುಂದೆ ನಾಚಿಕೆಯಾಗುತ್ತದೆ ಎನ್ನುತ್ತಾನೆ. ಶಿರಸ್ತ್ರಾಣದ ಜುಟ್ಟು ನೋಡಿ ಮಗು ಹೆದರಿದಾಗ ಅದನ್ನು ತೆಗೆದು ನೆಲಕ್ಕಿಟ್ಟು ಮಗುವನ್ನು ಎತ್ತಿಕೊಳ್ಳುತ್ತಾನೆ. 18ರಲ್ಲಿ ಸೇನೆಯನ್ನು ಕೋಟೆಯೊಳಗೆ ಕರೆದೊಯ್ಯೋಣ ಎಂದ ಸಂಗಾತಿ ಪಾಲಿಡಮಸನ ಮಾತನ್ನು ತಳ್ಳಿಹಾಕುತ್ತಾನೆ, ಅನೇಕರು ಸಾಯುತ್ತಾರೆ. 22ರಲ್ಲಿ ತಂದೆತಾಯಿ ಗೋಡೆಯ ಮೇಲಿಂದ ಕೂಗಿದರೂ ಒಳಗೆ ಬರಲಾರ. ಜನ ಏನೆನ್ನುತ್ತಾರೋ ಎಂಬ ಅಳುಕು ಅವನನ್ನು ಬಾಗಿಲ ಹೊರಗೇ ನಿಲ್ಲಿಸುತ್ತದೆ. ಅವನನ್ನು ಧೀರನನ್ನಾಗಿ ಮಾಡಿದ ಗುಣವೇ ಅವನ ಜೀವ ತೆಗೆಯಿತು ಎಂದು ನನಗನಿಸುತ್ತದೆ.

24ನೇ ಕಾಂಡದಲ್ಲಿ ಹೆಕ್ಟರನ ತಂದೆ ಪ್ರಿಯಾಮ್ ರಾಜ, ಮಗನನ್ನು ಕೊಂದ ಅಕಿಲೀಸನ ಕೈಗಳಿಗೇ ಮುತ್ತಿಟ್ಟು ಶವ ಬೇಡುತ್ತಾನೆ. ಇಬ್ಬರೂ ಅಳುತ್ತಾರೆ, ಆಮೇಲೆ ಜೊತೆಗೆ ಉಣ್ಣುತ್ತಾರೆ. ‘ಅಕಿಲೀಸ್ ಇಲ್ಲಿ ಪೂರ್ತಿ ಬದಲಾದ’ ಎಂದು ಬರೆಯುವ ಮುನ್ನ ಒಂದು ವಿವರ ನೋಡಿ. ಶವವನ್ನು ಪ್ರಿಯಾಮನ ಕಣ್ಣಿಗೆ ಬೀಳದಂತೆ ತೊಳೆಸುತ್ತಾನೆ. ಕಂಡರೆ ಮುದುಕ ತಡೆಯಲಾರದೆ ಸಿಟ್ಟಾದಾನು, ಆಗ ತಾನೂ ಕೆರಳಿ ಅವನನ್ನು ಕೊಂದುಬಿಟ್ಟೇನು ಎಂಬ ಭಯ ಅವನಿಗಿದೆ.